ಐದನೆಯ ಪುಟದ ಕಪ್ಪೆ

ಪ್ರಿಯರೇ,

ನಿಮ್ಮ ‘ಬೇಟೆಗಾರನ ಕಣ್ಣು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹೀಗೆ ಒಂದೇ ಸಾಲು ಬರೆದು ಮುಗಿಸುವವನಿದ್ದೆ. ಐದನೆಯ ಪುಟದ ಕೆಳಗೆ ಕೂತಿರುವ ಕಪ್ಪೆ ಬಿಡಲಿಲ್ಲ.

ಮೊದಲು ತಕರಾರುಗಳು. ಹುಲಿ, ಗೂಬೆ, ಹದ್ದು, ಹಾವು ಎಲ್ಲಕ್ಕೂ ‘ತೀಕ್ಷ್ಣ ದೃಷ್ಟಿ’ಯನ್ನು ಹಂಚಿದ್ದೀರಿ, ಮದುವೆ ಊಟದಲ್ಲಿ ಎಲೆಗೊಂದು ಹೋಳಿಗೆ ಬಡಿಸಿದ ಹಾಗೆ. ಹನ್ನೊಂದು ಕಡೆ ಗೆರೆ ಎಳೆದಿದ್ದೇನೆ. ಪ್ರಾಣಿಗೆ ಏನು ಕಂಡಿತು, ಕಂಡದ್ದಕ್ಕೆ ಅದು ಏನು ಮಾಡಿತು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮಂಡಗದ್ದೆಯಲ್ಲಿ ತುಂಗೆಯ ದಡದಲ್ಲಿ ನಿಂತು ಬೆಳ್ಳಕ್ಕಿಗಳನ್ನು ನೋಡಿದವರು ನೀವು; ಬರೆದದ್ದು ‘ಬಕಧ್ಯಾನ’ ಎಂಬ ಸವೆದ ಪದ. ನೀರೊಳಗಿನ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ. ಕಂಡಲ್ಲಿಗೇ ಕೊಕ್ಕು ಹಾಕಿದರೆ ಹಕ್ಕಿಗೆ ಉಪವಾಸವೇ ಗತಿ. ಅದು ಗುರಿಯನ್ನು ಕೆಳಗಿಳಿಸಿ ಹೊಡೆಯುತ್ತದೆ. ಧ್ಯಾನಕ್ಕಿಂತ ಇದು ಸ್ವಾರಸ್ಯವಲ್ಲವೇ?

ತಪ್ಪುಗಳೂ ಇವೆ. ಗೂಬೆ ‘ಕಣ್ಣುಗುಡ್ಡೆ ಹೊರಳಿಸಿ’ ನೋಡುವುದಿಲ್ಲ. ಅದರ ಕಣ್ಣು ಕೊಳವೆಯಂತಿದ್ದು ಮೂಳೆಯ ಗೂಡಿನಲ್ಲಿ ಬಿಗಿದು ಕೂತಿದೆ, ಅದಕ್ಕೇ ಕತ್ತನ್ನು 270 ಡಿಗ್ರಿಯವರೆಗೆ ತಿರುಗಿಸುತ್ತದೆ. ಹುಲಿಯ ಕಣ್ಣಪಾಪೆ ಮನೆಯ ಬೆಕ್ಕಿನಂತೆ ಸೀಳಾಗುವುದಿಲ್ಲ, ದುಂಡಗಿರುತ್ತದೆ. ತ್ಯಾವರೆಕೊಪ್ಪದ ಹುಲಿ-ಸಿಂಹ ಧಾಮಕ್ಕೆ ಒಮ್ಮೆ ಹೋಗಿ ನೋಡಿಬನ್ನಿ. ಗುಳಿಮಂಡಲದ ಹಾವಿಗೆ ಇರುಳಿನಲ್ಲಿ ಇಲಿಯ ಸುಳಿವು ಕೊಡುವುದು ಬರೀ ಕಣ್ಣಲ್ಲ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿ ಮೈಯ ಬಿಸಿಯನ್ನು ಗುರುತಿಸುತ್ತದೆ. ಹೆಸರಿನಲ್ಲೇ ಗುಳಿ ಇದೆ, ನೀವು ಎಡವಿದ್ದು ಅಲ್ಲಿಯೇ.

ಈಗ ಕಪ್ಪೆ. ಮೊದಲ ಮಳೆ ಬಿದ್ದ ರಾತ್ರಿ ಜಗಲಿಯ ದೀಪಕ್ಕೆ ಮುತ್ತಿದ ರೆಕ್ಕೆಗೆದ್ದಲನ್ನು ನೆಲಗಪ್ಪೆ ಒಂದೊಂದಾಗಿ ನುಂಗುತ್ತಿತ್ತು. ಮೂಗಿನ ಮುಂದೆಯೇ ಸತ್ತು ಬಿದ್ದದ್ದನ್ನು ಮುಟ್ಟಲಿಲ್ಲ. ಗಾಳಿಗೆ ಅದು ಸರಿದಾಡಿದೊಡನೆ ನಾಲಗೆ ಚಾಚಿತು. ಇಷ್ಟನ್ನು ಎರಡೇ ಸಾಲಿನಲ್ಲಿ ಬರೆದು ‘ಪ್ರಕೃತಿಯ ವಿಸ್ಮಯ’ ಎಂದು ಹೊರಟುಬಿಟ್ಟಿದ್ದೀರಿ. ಮಹರಾಯರೇ, ನಿಮ್ಮ ಲೇಖನ ಇರುವುದೇ ಅಲ್ಲಿ.

1959ರಲ್ಲಿ ಅಮೆರಿಕದಲ್ಲಿ ಜೆರೋಮ್ ಲೆಟ್ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳ ಸಂಕೇತಗಳನ್ನು ದಾಖಲಿಸಿದರು. ಕೆಲವು ಎಳೆಗಳು ಚಿಕ್ಕದೊಂದು ಕಪ್ಪು ಚುಕ್ಕೆ ಕಣ್ಣೆದುರು ಚಲಿಸಿದಾಗ ಜೋರಾಗಿ ಮಿಡಿದವು. ಹಿನ್ನೆಲೆಯ ಚಿತ್ರವೇ ಇಡಿಯಾಗಿ ಅಲುಗಿದರೆ ಸುಮ್ಮನಿದ್ದವು. ಅಂದರೆ ಹುಳುವನ್ನು ಆರಿಸುವ ಕೆಲಸ ಮಿದುಳಿಗೆ ಹೋಗುವ ಮೊದಲೇ, ಕಣ್ಣಿನಲ್ಲೇ ಶುರುವಾಗಿರುತ್ತದೆ. ಸುತ್ತ ಆಹಾರವಿದ್ದರೂ ಅದು ಅಲುಗದಿದ್ದರೆ ಕಪ್ಪೆ ಹಸಿದು ಸಾಯುತ್ತದೆ ಎಂದು ಅವರು ಬರೆದರು. ಮುಂದೆ ಜರ್ಮನಿಯ ಯೋರ್ಗ್-ಪೀಟರ್ ಎವರ್ಟ್ ನೆಲಗಪ್ಪೆಯ ಮುಂದೆ ಕಪ್ಪು ರಟ್ಟಿನ ಪಟ್ಟಿಗಳನ್ನು ಸರಿಸಿ ನೋಡಿದರು. ಪಟ್ಟಿ ತನ್ನ ಉದ್ದಕ್ಕೆ ಸರಿದರೆ ಕಪ್ಪೆಗೆ ಅದು ಹುಳು, ತಿರುಗಿ ಬೆನ್ನಟ್ಟುತ್ತದೆ. ಅದೇ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕಕ್ಕೆ ಸರಿಸಿದರೆ ಬೇಟೆಯ ಹುರುಪೇ ಇಲ್ಲ.

ಎವರ್ಟ್ ನೋಡಿದ್ದು ಯುರೋಪಿನ ಕಪ್ಪೆಯನ್ನು. ನಿಮ್ಮ ಜಗಲಿಯದು ಏನು ಮಾಡುತ್ತದೆ? ಮಳೆಗಾಲ ಇನ್ನೂ ಮುಗಿದಿಲ್ಲ. ಬೆಂಕಿಕಡ್ಡಿಯುದ್ದದ ರಟ್ಟಿನ ತುಂಡಿಗೆ ದಾರ ಕಟ್ಟಿ ಎಳೆಯಿರಿ, ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ. ಎಷ್ಟು ಸಲ ತಿರುಗಿತು, ಎಷ್ಟು ಸಲ ಕಡೆಗಣಿಸಿತು, ಲೆಕ್ಕ ಬರೆದಿಡಿ. ರಟ್ಟನ್ನು ನುಂಗಲು ಮಾತ್ರ ಬಿಡಬೇಡಿ, ಪಾಪದ ಪ್ರಾಣಿ. ನಿಜವಾದ ಹುಳು ನುಂಗುವಾಗ ಅದರ ಕಣ್ಣುಗಳನ್ನೂ ಗಮನಿಸಿ: ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಬೇಟೆ ಹುಡುಕಿದ ಕಣ್ಣೇ ಊಟಕ್ಕೂ ಕೈಜೋಡಿಸುವುದನ್ನು ನಾನು ಮೊದಲ ಸಲ ಕಂಡಾಗ ಕಾಫಿ ತಣ್ಣಗಾಗಿತ್ತು.

ಹುಲಿ, ಹದ್ದುಗಳನ್ನು ಈ ಬಾರಿಗೆ ಕಾಡಿನಲ್ಲೇ ಬಿಡಿ. ಬೆಳ್ಳಕ್ಕಿ ಬೇಕಿದ್ದರೆ ಒಂದು ಪ್ಯಾರಾ ಇರಲಿ. ಕಪ್ಪೆ ನಿಮ್ಮ ರಟ್ಟಿಗೆ ಬೆನ್ನು ಹಾಕಿ ಸಂದಿಗೆ ಹೋದರೆ ಅದನ್ನೂ ಹಾಗೆಯೇ ಬರೆಯಿರಿ, ತಿದ್ದಬೇಡಿ. ದೀಪಾವಳಿಯೊಳಗೆ ಕಳಿಸಿದರೆ ನಾಲ್ಕು ಪುಟ ಜಾಗ ಕೊಡುತ್ತೇನೆ. ಹಸ್ತಪ್ರತಿಯನ್ನು ಈ ಪತ್ರದ ಜೊತೆ ಮರಳಿಸಿದ್ದೇನೆ. ಐದನೆಯ ಪುಟ ನನ್ನ ಮೇಜಿನ ಮೇಲೆಯೇ ಇದೆ.

ನಿಮ್ಮ,
ಸಂಪಾದಕ
ಶಿವಮೊಗ್ಗ