‘ಇನ್ನೇನು ಬೇಕಂತೆ ಅವರಿಗೆ?’

ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುರಿತ ನಮ್ಮ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ‘1992ರ ಮಾಬೊ ತೀರ್ಪಿನಿಂದ ಹೆಚ್ಚುಕಡಿಮೆ ಅರ್ಧ ದೇಶವೇ ಅವರದಾಯಿತು. 2023ರಲ್ಲಿ ಸಂವಿಧಾನ ತಿದ್ದುಪಡಿಯನ್ನೂ ಕೇಳಿದರು. ಇನ್ನೇನು ಬೇಕು?’

ಸಂಪಾದಕರ ಉತ್ತರ:

ಮಾನ್ಯರೇ,

2023ರ ಮತದಾನ ಜಮೀನಿನದಲ್ಲ. ಸಂಸತ್ತಿಗೆ ಸಲಹೆ ಕೊಡುವ ಮಂಡಳಿಯೊಂದಕ್ಕೆ ಸಂವಿಧಾನದಲ್ಲಿ ಜಾಗ ಕೇಳಿದ್ದರು, ಆರೂ ರಾಜ್ಯಗಳು ಬೇಡ ಎಂದವು. ಅದನ್ನು ಬದಿಗಿಟ್ಟು ನೆಲದ ಮಾತಿಗೆ ಬರೋಣ.

ಬ್ರಿಟಿಷರು ಬರುವ ಮುಂಚಿನಿಂದ ಮೂಲನಿವಾಸಿಗಳು ತಮ್ಮ ಕಟ್ಟಳೆಯಂತೆ ನೆಲದ ಮೇಲೆ ಹೊಂದಿದ್ದ ಹಕ್ಕನ್ನು ಮಾಬೊ ತೀರ್ಪು ಒಪ್ಪಿತು; ಅದೇ ನೇಟಿವ್ ಟೈಟಲ್. ಅದು ಮಾನ್ಯವಾದ ಪ್ರದೇಶ ದೇಶದ ಶೇ. 40ನ್ನು ದಾಟಿದೆ ಎಂಬುದು ನಿಜ. ಆದರೆ ಅದನ್ನು ಪಹಣಿಯ ಹಾಗೆ ಓದಿಕೊಳ್ಳಬೇಡಿ. ‘ಇದು ನಮ್ಮದು, ಒಳಗೆ ಬರಬೇಡಿ’ ಎನ್ನಬಹುದಾದ ಪೂರ್ಣ ಹಕ್ಕು ಅದರಲ್ಲಿ ಒಂದು ಪಾಲಿಗೆ ಮಾತ್ರ ಇದೆ. ಉಳಿದ ಕಡೆ ಬೇಟೆ, ಮೀನು, ಬೀಡು, ವಿಧಿ-ಆಚರಣೆಗಳಿಗಷ್ಟೇ ಹಕ್ಕು. ಅಲ್ಲಿ ದನ ಸಾಕುವವರ ಸರ್ಕಾರಿ ಗುತ್ತಿಗೆ ಇದ್ದು, ಎರಡಕ್ಕೂ ತಿಕ್ಕಾಟ ಬಂದರೆ ಗುತ್ತಿಗೆಯದೇ ಮೇಲುಗೈ (1996ರ ವಿಕ್ ತೀರ್ಪು). ಖಾಸಗಿಯವರಿಗೆ ಪೂರ್ಣ ಒಡೆತನ ಕೊಟ್ಟಾಗಿರುವ ಜಮೀನಿನಲ್ಲಂತೂ ಹಕ್ಕು ಅಳಿದೇ ಹೋಗಿದೆ.

ಇಷ್ಟನ್ನು ಪಡೆಯಲಿಕ್ಕೂ 1993ರ ಕಾಯ್ದೆಯಡಿ ಫೆಡರಲ್ ಕೋರ್ಟಿಗೆ ಹೋಗಬೇಕು. ಬ್ರಿಟಿಷರು ಬಂದಾಗ ತಮ್ಮವರಲ್ಲಿದ್ದ ಕಟ್ಟುಕಟ್ಟಳೆಗಳು ಇವತ್ತಿನವರೆಗೆ ಬಹುಪಾಲು ಕಡಿಯದೆ ನಡೆದುಬಂದಿವೆ ಎಂದು ಸಾಬೀತು ಮಾಡಬೇಕು. ಮರ್ರೆ ನದಿಯ ಯೋರ್ಟಾ ಯೋರ್ಟಾ ಜನ ಸೋತದ್ದು ಇಲ್ಲಿಯೇ. ಮಿಷನ್ನಿನಲ್ಲಿದ್ದ ಅವರ ಹಿರಿಯರು 1881ರಲ್ಲಿ ಗವರ್ನರಿಗೆ ಮನವಿ ಬರೆದು, ನಮ್ಮ ನೆಲವೆಲ್ಲ ವಲಸಿಗರ ಪಾಲಾಗಿದೆ, ಬೇಸಾಯಕ್ಕೆ ಒಂದಿಷ್ಟು ಭೂಮಿ ಕೊಡಿ ಎಂದಿದ್ದರು. 1998ರಲ್ಲಿ ನ್ಯಾಯಾಧೀಶರು ಆ ಮನವಿಯನ್ನೇ ಸಂಪ್ರದಾಯ ಕಡಿದುಹೋದದ್ದಕ್ಕೆ ಸಾಕ್ಷಿ ಮಾಡಿಕೊಂಡರು. ಇಂದಿನ ಹಿರಿಯರ ಬಾಯಿಮಾತಿಗಿಂತ, ಅವರ ನೆಲದಲ್ಲಿ ಕುರಿ ಸಾಕಿದ್ದ ಎಡ್ವರ್ಡ್ ಕರ್‌ನ ಬರಹಕ್ಕೆ ಹೆಚ್ಚು ತೂಕ ಕೊಟ್ಟರು. 2002ರಲ್ಲಿ ಹೈಕೋರ್ಟ್, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಅದನ್ನು ಎತ್ತಿಹಿಡಿಯಿತು. ಯಾರನ್ನು ಹೆಚ್ಚು ಒಕ್ಕಲೆಬ್ಬಿಸಿದರೋ ಅವರಿಗೇ ಸಾಬೀತು ಮಾಡುವುದು ಕಷ್ಟ.

ಗೆದ್ದವರಿಗೂ ಗಣಿ ಬಂದರೆ ‘ಬೇಡ’ ಎನ್ನುವ ಅಧಿಕಾರವಿಲ್ಲ, ಮಾತುಕತೆಯ ಹಕ್ಕು ಮಾತ್ರ. ಸರ್ಕಾರ ನೋಟಿಸ್ ಹೊರಡಿಸುತ್ತದೆ. ಕ್ಲೇಮು ಇನ್ನೂ ನೋಂದಣಿಯಾಗಿರದಿದ್ದರೆ ನಾಲ್ಕು ತಿಂಗಳೊಳಗೆ ಮಾಡಿಸಿಕೊಳ್ಳಬೇಕು, ತಪ್ಪಿದರೆ ಮಾತುಕತೆಗೆ ಜಾಗವೇ ಇಲ್ಲ. ಆರು ತಿಂಗಳಾದರೂ ಒಪ್ಪಂದವಾಗದಿದ್ದರೆ ಕಂಪನಿ ಇಂಥ ತಕರಾರು ತೀರ್ಮಾನಿಸುವ ಟ್ರಿಬ್ಯೂನಲ್ಲಿಗೆ ಹೋಗಬಹುದು. ಗಣಿಗೆ ಅನುಮತಿ ಕೊಡುವಾಗ, ಲಾಭದಲ್ಲೋ ಉತ್ಪನ್ನದಲ್ಲೋ ಇವರಿಗೆ ಪಾಲು ಕೊಡಿ ಎಂದು ಷರತ್ತು ಹಾಕಲು ಟ್ರಿಬ್ಯೂನಲ್ಲಿಗೆ ಕಾನೂನೇ ಅವಕಾಶ ಕೊಟ್ಟಿಲ್ಲ. ಹಾಗಾಗಿ ರಾಯಲ್ಟಿ ಬೇಕಿದ್ದರೆ ಅದಕ್ಕೂ ಮೊದಲೇ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಇದು ಗೊತ್ತಿದ್ದ ಕಂಪನಿ ಅವಸರ ಯಾಕೆ ಮಾಡುತ್ತದೆ?

ಇದಕ್ಕಿಂತ ಗಟ್ಟಿಯಾದದ್ದು ನಾರ್ದರ್ನ್ ಟೆರಿಟರಿಯ 1976ರ ಕಾಯ್ದೆ. ಮಾರಲಾಗದ ಪೂರ್ಣ ಒಡೆತನ, ಅದಿರು ಹುಡುಕಾಟಕ್ಕೇ ತಡೆ ಹಾಕುವ ಅಧಿಕಾರ ಎರಡೂ ಅದರಲ್ಲಿವೆ. ಅಲ್ಲೂ ಒಂದು ಸಿಕ್ಕು ಉಂಟು. ಹುಡುಕಾಟಕ್ಕೆ ಒಪ್ಪಿದವರು ಅದಿರು ಸಿಕ್ಕ ಮೇಲೆ ಗಣಿ ಬೇಡ ಎನ್ನುವಂತಿಲ್ಲ.

ಹಕ್ಕು ಕಳೆದುಕೊಂಡವರಿಗೆ ಕೊಡುವ ಪರಿಹಾರದ ವಿಷಯಕ್ಕೆ ಬಂದರೆ, 2019ರ ಟಿಂಬರ್ ಕ್ರೀಕ್ ತೀರ್ಪು ಒಂದು ಅಳತೆ ಹಾಕಿಕೊಟ್ಟಿತು: ಪೂರ್ಣ ಹಕ್ಕಲ್ಲದ್ದರಿಂದ ಜಮೀನಿನ ಬೆಲೆಯಲ್ಲಿ ಅರ್ಧ, ಜೊತೆಗೆ ಬಡ್ಡಿ, ಸಾಂಸ್ಕೃತಿಕ ನಷ್ಟಕ್ಕೆ 13 ಲಕ್ಷ ಡಾಲರ್, ಒಟ್ಟು ಸುಮಾರು 25.3 ಲಕ್ಷ. ಆದರೆ 1975ರ ಜನಾಂಗೀಯ ತಾರತಮ್ಯ ತಡೆ ಕಾಯ್ದೆಗೆ ಮುಂಚೆ ಕಿತ್ತುಕೊಂಡದ್ದಕ್ಕೆ ಸಾಮಾನ್ಯವಾಗಿ ಪರಿಹಾರವಿರಲಿಲ್ಲ. ಯುನುಪಿಂಗು ಪ್ರಕರಣದಲ್ಲಿ 2025ರ ಮಾರ್ಚಿನಲ್ಲಿ ಹೈಕೋರ್ಟ್ ಅದನ್ನು ಬದಲಿಸಿದೆ. ನೇಟಿವ್ ಟೈಟಲ್ಲೂ ಸಂವಿಧಾನ ರಕ್ಷಿಸುವ ಆಸ್ತಿಯೇ ಎಂದಿದೆ. ನಾರ್ದರ್ನ್ ಟೆರಿಟರಿ ಕೇಂದ್ರದ ಕೈಗೆ ಬಂದ 1911ರಿಂದಾಚೆಗಿನ ನಷ್ಟಕ್ಕೂ ಇದರಿಂದ ಬಾಗಿಲು ತೆರೆಯಿತು. ಎಷ್ಟು ಕೊಡಬೇಕೆಂಬುದನ್ನು ಆ ತೀರ್ಪು ಹೇಳಿಲ್ಲ.