ಅಂಜದೀವದಲ್ಲಿ ಮಡಿದವರು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸಮೀಪ ನಿಂತಿರುವ ಪ್ರತಿಮೆ ಯಾವ ಯುದ್ಧದಲ್ಲಿ ಮಡಿದ ಯೋಧನದು ಎಂದು ನೀವು ಕೇಳಿದ್ದೀರಿ. ಅದು ನಮ್ಮ ತಾಲ್ಲೂಕಿನ ಚೆಂಡಿಯಾದ ಮೇಜರ್ ರಾಮ ರಾಘೋಬಾ ರಾಣೆಯವರದು. ಅವರು ಯುದ್ಧದಲ್ಲಿ ಮಡಿದವರಲ್ಲ. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ಹೂತಿಟ್ಟಿದ್ದ ನೆಲಬಾಂಬುಗಳನ್ನು ತೆಗೆಯಲು ಅವರು ಟ್ಯಾಂಕಿನ ಅಡಿಯಲ್ಲೇ ತೆವಳಿಕೊಂಡು ಸಾಗಿ, ಮುಂದೆ ಸರಿಯಲು ಒಂದು ಹಗ್ಗ, ನಿಲ್ಲಿಸಲು ಇನ್ನೊಂದು ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತ, ಗುಂಡಿನ ಮಳೆಯ ನಡುವೆ ಸೈನ್ಯಕ್ಕೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಪಡೆದ ಅವರು ತೀರಿಕೊಂಡದ್ದು 1994ರಲ್ಲಿ.

ಮಡಿದವರನ್ನು ನೆನೆಯಬೇಕೆಂಬುದು ನಿಮ್ಮ ಆಸೆಯಾದರೆ ಕಾರವಾರದ ಬಳಿಯ ಬಿಣಗಾದ ಎದುರಿನ ಕಡಲಲ್ಲಿರುವ ಅಂಜದೀವ ದ್ವೀಪದ ಕಡೆಗೆ ನೋಡಬೇಕು. ನಮ್ಮ ದಡಕ್ಕೇ ಹತ್ತಿರವಿದ್ದರೂ ಆಡಳಿತದಲ್ಲಿ ಇಂದಿಗೂ ಗೋವೆಗೆ ಸೇರಿದ ಆ ದ್ವೀಪ 1961ರ ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ನೆಲದ ಮೇಲಾದರೆ ಮಾಜಾಳಿಯ ಆಚೆಗೆ ಗೋವೆಯ ಗಡಿ. ನೀರಿನ ಮೇಲೆ ಬಲೆ ಬೀಸುವವರಿಗೆ ಅಂಥ ಗೆರೆ ಕಾಣುವುದಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ದ್ವೀಪದಿಂದ ಸಾಬರಮತಿ ಎಂಬ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಗಳ ಮೇಲೂ ಹಾರಿ, ಒಬ್ಬ ಮೀನುಗಾರ ಜೀವ ಕಳೆದುಕೊಂಡ.

ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಆಪರೇಷನ್ ವಿಜಯ್ ಆರಂಭವಾದಾಗ, ಐಎನ್‌ಎಸ್ ಮೈಸೂರು ನೌಕೆಯ ಫಿರಂಗಿಗಳ ಬೆಂಬಲದಲ್ಲಿ ಐಎನ್‌ಎಸ್ ತ್ರಿಶೂಲದಿಂದ ನಾವಿಕರ ತಂಡಗಳು ಚಿಕ್ಕ ದೋಣಿಗಳಲ್ಲಿ ಅಂಜದೀವಕ್ಕೆ ಹೋದವು. ನಮ್ಮ ರಾಜ್ಯದ ಅಂದಿನ ಹೆಸರನ್ನೇ ಹೊತ್ತ ನೌಕೆ ನಮ್ಮ ಕಣ್ಣೆದುರಿನ ಯುದ್ಧಕ್ಕೆ ಬಂದದ್ದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ದೋಣಿಯಲ್ಲಿದ್ದವರು ಕಾಲಾಳು ಸೈನಿಕರಲ್ಲ, ಹಡಗಿನಲ್ಲಿ ದುಡಿಯುವ ನಾವಿಕರು. ತೆರೆದ ನೀರಿನಲ್ಲಿ ಮರೆಗೆ ನಿಲ್ಲಲು ಒಂದು ಬಂಡೆಯೂ ಇಲ್ಲದೆ, ಮೇಲಿನಿಂದ ಬರುತ್ತಿದ್ದ ಗುಂಡಿಗೆ ಎದುರಾಗಿಯೇ ಅವರು ದಡ ಸೇರಬೇಕಾಗಿತ್ತು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಅವರ ನೆನಪಿನ ಸ್ಮಾರಕ ಗೋವೆಯ ಐಎನ್‌ಎಸ್ ಗೋಮಾಂತಕ ನೌಕಾ ನೆಲೆಯಲ್ಲಿದೆ.

ಅವರ ಜೊತೆಗೆ ಆ ಮೀನುಗಾರನನ್ನೂ ಸೇರಿಸಿ ನೆನೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆತ ಆಯುಧ ಹಿಡಿದು ಹೋದವನಲ್ಲ, ಹೊಟ್ಟೆಪಾಡಿಗಾಗಿ ಹೋದವನು. ಆದರೆ ಆತನ ಸಾವು ಈ ಯುದ್ಧದ ಕಾರಣಗಳಲ್ಲಿ ಒಂದಾಯಿತು. ಕಾರವಾರದ ಕಡಲತೀರದಲ್ಲಿ ಈ ಎಂಟು ಜನರ ಹೆಸರನ್ನೂ ಕನ್ನಡದಲ್ಲಿ ಕೆತ್ತಿದ ಒಂದು ಕಲ್ಲನ್ನು ನಿಲ್ಲಿಸಿದರೆ, ಮಕ್ಕಳು ಯುದ್ಧನೌಕೆ ನೋಡಲು ಬಂದಾಗ ಅದನ್ನೂ ಓದಿಕೊಂಡು ಹೋಗುತ್ತಾರೆ.

ದ್ವೀಪಕ್ಕೆ ಹೋಗುವ ಯೋಚನೆಯನ್ನು ಬಿಟ್ಟುಬಿಡಿ. ನೌಕಾ ನೆಲೆ ಕಟ್ಟುವ ಸೀಬರ್ಡ್ ಯೋಜನೆಗಾಗಿ ಅರಗಾ, ಬಿಣಗಾ ಸುತ್ತಲಿನ ಜನ ಮನೆ, ಗದ್ದೆ ಬಿಟ್ಟುಕೊಟ್ಟ ಮೇಲೆ ಅಂಜದೀವವೂ ನೌಕಾ ನೆಲೆಯೊಳಗೆ ಸೇರಿದೆ, ಅಲೆಗಳನ್ನು ತಡೆಯುವ ಗೋಡೆಯೊಂದು ಅದನ್ನು ನೆಲಕ್ಕೆ ಜೋಡಿಸಿದೆ. ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಬಲಗಡೆ ಕುಳಿತುಕೊಳ್ಳಿ. ಘಟ್ಟದ ತಿರುವಿನಲ್ಲಿ ದ್ವೀಪ ಕಾಣುತ್ತದೆ. ಅಲ್ಲಿ ಕ್ಯಾಮೆರಾ ಮಾತ್ರ ತೆಗೆಯಬೇಡಿ.