ಕಿವಿ ಮುಟ್ಟಿ ಜ್ವರ ಹೇಳಬಹುದೇ?

ಓದುಗರ ಪತ್ರ: ನಮ್ಮ ಬೆಕ್ಕಿಗೆ ನಾಲ್ಕು ವರ್ಷ. ನಿನ್ನೆ ಸಂಜೆ ಅದರ ಕಿವಿಗಳು ಸುಡುತ್ತಿದ್ದವು, ಇಂದು ಬೆಳಿಗ್ಗೆ ತಣ್ಣಗಿದ್ದವು. ಊಟ, ಆಟ ಎಂದಿನಂತೆಯೇ ಇವೆ. ಜ್ವರ ಬಂದು ಇಳಿಯಿತೇ? ಮತ್ತೆ ಬಿಸಿಯಾದರೆ ಕಾಲು ಮಾತ್ರೆ ಪ್ಯಾರಾಸಿಟಮಾಲ್ ಕೊಡಬಹುದೇ?

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯೇ ಅವಸರದ್ದು, ಅದನ್ನು ಮೊದಲು ಮುಗಿಸುತ್ತೇನೆ. ಕೊಡಬೇಡಿ. ಕಾಲು ಮಾತ್ರೆಯಿರಲಿ, ಅದರ ಚೂರೂ ಬೇಡ. ಪ್ಯಾರಾಸಿಟಮಾಲನ್ನು ನಿರಪಾಯಗೊಳಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಮೈಯಲ್ಲೇ ಉಳಿದ ವಿಷ, ಆಮ್ಲಜನಕ ಹೊರುವ ರಕ್ತದ ಶಕ್ತಿಯನ್ನು ಕೆಡಿಸುತ್ತದೆ. ವಸಡು ಕಂದುಬಣ್ಣಕ್ಕೆ ತಿರುಗಿ, ಉಸಿರಾಟ ಕಷ್ಟವಾಗಿ ಬೆಕ್ಕು ಸಾಯಬಹುದು. ಈಗಾಗಲೇ ಕೊಟ್ಟಿದ್ದರೆ ಈ ಉತ್ತರವನ್ನು ಪೂರ್ತಿ ಓದುತ್ತ ಕೂರದೆ ಪಶುವೈದ್ಯರಲ್ಲಿಗೆ ಓಡಿ.

ಇನ್ನು ಕಿವಿಯ ವಿಚಾರ. ಮೈತುಂಬ ತುಪ್ಪಳ ಹೊದ್ದ ಬೆಕ್ಕಿಗೆ ಒಳಗಿನ ಬಿಸಿಯನ್ನು ಹೊರಗೆ ಬಿಡಲು ಇರುವ ಕಿಟಕಿಗಳು ಕೆಲವೇ. ಕಿವಿ ಅಂಥದೊಂದು: ತೆಳು ಚರ್ಮ, ವಿರಳ ಕೂದಲು, ದಟ್ಟವಾದ ರಕ್ತನಾಳಗಳ ಬಲೆ. ಸೆಕೆಯಾದಾಗ ನಾಳಗಳು ಹಿಗ್ಗಿ ಕಿವಿ ಬಿಸಿಯಾಗುತ್ತದೆ, ಚಳಿಯಲ್ಲಿ ಕುಗ್ಗಿ ತಣ್ಣಗಾಗುತ್ತದೆ. ಬಿಸಿಲು ಕಾಯಿಸಿ ಬಂದರೂ, ಮನೆಯೆಲ್ಲ ಓಡಾಡಿದರೂ ಬಿಸಿಯೇ. ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ ಕಿವಿಯಿಂದ ತಿಳಿಯುವುದು. ಸಾಲದ್ದಕ್ಕೆ, ಆರೋಗ್ಯವಂತ ಬೆಕ್ಕಿನ ಮೈಶಾಖವೇ ಸುಮಾರು 38.1ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮ್ಮ ಅಂಗೈಗೆ ಅದು ಬೆಚ್ಚಗೆ ತಾಗದಿದ್ದರೇ ಆಶ್ಚರ್ಯ.

ತಣ್ಣನೆಯ ಕಿವಿಯನ್ನಂತೂ ಜ್ವರ ಇಳಿದ ಗುರುತೆಂದು ನಂಬಲೇಬಾರದು. ಜ್ವರ ಏರುವ ಹೊತ್ತಿನಲ್ಲಿ ದೇಹ ಬಿಸಿಯನ್ನು ಉಳಿಸಿಕೊಳ್ಳಲೆಂದು ಹೊರಮೈಯ ನಾಳಗಳನ್ನು ಬಿಗಿಹಿಡಿಯುತ್ತದೆ. ಜ್ವರ ಏರುವಾಗ ನಮಗೂ ಚಳಿ ಹುಟ್ಟಿ ಕೈಕಾಲು ತಣ್ಣಗಾಗುವುದಿಲ್ಲವೇ? ಬೆಕ್ಕಿನ ಕಿವಿಯೂ ಹಾಗೆಯೇ.

ಜ್ವರದ ಅನುಮಾನ ಬಂದರೆ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಗುದದ್ವಾರದಲ್ಲಿ ನೋಡುವುದೇ ನಂಬಿಕೆಯ ದಾರಿ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೂರ್ತಿಯಾಗಿ ಉಗುರುಗಳ ಉಸ್ತುವಾರಿಗೆ! ಬೆಕ್ಕು ತೀರಾ ಗಾಬರಿಯಾದರೆ ಬಿಟ್ಟುಬಿಡಿ, ಗಾಬರಿಯೂ ಶಾಖ ಏರಿಸುತ್ತದೆ. ಶಾಂತವಾಗಿದ್ದಾಗಲೂ 39.5 ದಾಟಿದರೆ ವೈದ್ಯರಿಗೆ ತಿಳಿಸಿ. 41 ಮುಟ್ಟಿದರೆ ತುರ್ತು.

ಕಿವಿಯ ಮಾತನ್ನು ಕೇಳಲೇಬೇಕಾದ ಸಂದರ್ಭಗಳೂ ಇವೆ. ಒಂದೇ ಕಿವಿ ಬಿಸಿಯಾಗಿ ಕೆಂಪೇರಿ, ಬೆಕ್ಕು ತಲೆ ಒದರುತ್ತಿದ್ದರೆ ತೊಂದರೆ ಬಹುಶಃ ಆ ಕಿವಿಯಲ್ಲೇ: ಸೋಂಕು ಇರಬಹುದು, ಒಳಗೆ ಕಾಫಿಪುಡಿಯಂಥ ಕಪ್ಪು ಕೊಳೆ ಕಂಡರೆ ಕಿವಿನುಸಿ ಇರಬಹುದು. ಬೆಚ್ಚನೆಯ ಕೋಣೆಯಲ್ಲೂ ಕಿವಿ, ಪಾದಗಳು ತಣ್ಣಗಿದ್ದು, ವಸಡು ಬಿಳಿಚಿ, ಬೆಕ್ಕು ಸೋತು ಮಲಗಿದ್ದರೆ ಥರ್ಮಾಮೀಟರ್ ಹುಡುಕುತ್ತ ಹೊತ್ತು ಕಳೆಯಬೇಡಿ.

ನಿಮ್ಮ ಬೆಕ್ಕು ಉಂಡು ಆಡಿಕೊಂಡಿದೆ ಎಂದು ನೀವೇ ಬರೆದಿದ್ದೀರಿ. ಸದ್ಯಕ್ಕೆ ಅದರ ಕಿವಿಯನ್ನು ಅದಕ್ಕೇ ಬಿಡಿ. ಇಡೀ ದಿನ ಊಟ ಮುಟ್ಟದಿದ್ದರೆ, ಮೂಲೆ ಸೇರಿ ಕೂತರೆ, ಕಿವಿ ಹೇಗೇ ಇರಲಿ, ವೈದ್ಯರಲ್ಲಿಗೆ ಒಯ್ಯಿರಿ.